ಕೂಗದ ಕುಕ್ಕರಿಗೆ ಮಿಲ್ಲಮ್ಮನೇ ಸರಿ

ಮಿಲ್ಲಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದು ಹೊಸಬರು ಯಾರಾದರೂ ಕನಿಕರಪಟ್ಟರೆ ಆ ಬೀದಿಯವರು ನಗುತ್ತಾರೆ. ಕೇಳಿಸದಿರುವುದೇನೋ ನಿಜ. ಬೆನ್ನ ಹಿಂದೆ ಲಾರಿಯವನು ಹಾರನ್ ಒತ್ತಿ ಹಿಡಿದರೆ, ಸೊಳ್ಳೆ ಕೂತಿತೇನೋ ಎಂಬಂತೆ ಕತ್ತು ಕೆರೆದುಕೊಂಡು ಅವರು ತಮ್ಮ ಪಾಡಿಗೆ ನಡೆಯುತ್ತಾರೆ. ಆದರೆ ಬೀದಿಯ ಆ ತುದಿಯಲ್ಲಿ ಇಬ್ಬರು ಪಿಸುಗುಟ್ಟಲಿ, ವಿಷಯ ಈ ತುದಿಯ ಮೂರನೇ ಮಹಡಿಯ ಅವರ ಕಿಟಕಿಗೆ ಬಂದು, ವಿಚಾರಣೆ ಮುಗಿದು, ತಪ್ಪು ಯಾರದೆಂಬ ತೀರ್ಪೂ ಹೊರಬಿದ್ದಿರುತ್ತದೆ. ಬಸ್ ಸ್ಟಾಪಿನಲ್ಲಿ ಜಗಳವಾಡುವ ಜೋಡಿಗಳು ಆ ಕಿಟಕಿಗೆ ಬೆನ್ನು ಹಾಕಿಯೇ ಜಗಳವಾಡುತ್ತಾರೆ. ದಂತವೈದ್ಯರ ಕೋಣೆಯಲ್ಲಿ ಗಾಜಿನ ತೊಟ್ಟಿಯಲ್ಲಿದ್ದ ಮೀನು ಬಾಯಿ ಆಡಿಸುವುದನ್ನು ನೋಡಿ, "ಇದಕ್ಕೆ ನೀರು ಬದಲಾಯಿಸ್ರಪ್ಪ, ಬೆಳಗ್ಗಿಂದ ಬೈತಾ ಇದೆ" ಎಂದು ಮಿಲ್ಲಮ್ಮ ಹೇಳಿದರೆಂದೂ, ನೀರು ಬದಲಾಯಿಸಿದ ಮೇಲೆ ಮೀನು ಬಾಯಿ ಮುಚ್ಚಿತೆಂದೂ ನಂಬುವವರಿದ್ದಾರೆ.

ಬಟ್ಟೆ ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ಅವರು ಮಗ್ಗ ನೋಡಿಕೊಳ್ಳುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಕರೆದರೆ ಕೇಳಿಸದು ಎಂದಾದ ಮೇಲೆ ಅದನ್ನು ಯಾರೂ ಕರೆಯಲಿಲ್ಲ. ಆ ವಿಭಾಗದ ಗದ್ದಲ ಅಂಥದು. ಒಮ್ಮೆ ಮಿಲ್ಲಿನ ಅಂಗಳದ ಮರಕ್ಕೆ ಸಿಡಿಲು ಬಡಿದರೂ ಒಳಗಿದ್ದವರಿಗೆ ತಿಳಿಯಲಿಲ್ಲವಂತೆ. ಸಿಡಿಲೇ ಅವಮಾನವಾಗಿ ಮತ್ತೆ ಆ ಕಡೆ ತಲೆ ಹಾಕಲಿಲ್ಲವಂತೆ. ಅಲ್ಲಿ ದನಿ ತೆಗೆದು ಮಾತಾಡುವುದು ಗಂಟಲಿಗೆ ದಂಡ. ಹೆಂಗಸರು ತುಟಿಯನ್ನಷ್ಟೇ ಅಗಲವಾಗಿ ಆಡಿಸಿ, ಈ ಮಗ್ಗದಿಂದ ಆ ಮಗ್ಗಕ್ಕೆ ಸಂಸಾರದ ಕಥೆ ದಾಟಿಸುತ್ತಿದ್ದರು. ಅದಕ್ಕೆ ತುಟಿಮಾತು ಎಂದೇ ಹೆಸರು. ಎಳೆ ಕಡಿದರೆ ಅದರ ಸದ್ದೂ ಕೇಳದು. ಕಣ್ಣು ಎಳೆಗಳ ಮೇಲೆ, ಅಂಗೈ ಮಗ್ಗದ ಚೌಕಟ್ಟಿನ ಮೇಲೆ. ಮಗ್ಗ ನಡುಗುವ ಬಗೆ ಚೂರು ಬದಲಾದರೂ ಅಂಗೈ ಹೇಳುತ್ತಿತ್ತು. ಕೊನೆಗೆ ಮಿಲ್ಲು ಪಿಂಚಣಿ ಕೊಟ್ಟು, ಕಿವಿಯನ್ನು ತಾನಿಟ್ಟುಕೊಂಡು, ಅವರನ್ನು ಮನೆಗೆ ಕಳಿಸಿತು.

ಮನೆಯಲ್ಲಿ ಮಗ, ಸೊಸೆ. ಮಗನದು ಬೀಗ ರಿಪೇರಿ ಅಂಗಡಿ. ಸೊಸೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ದಿನವಿಡೀ "ಉಸಿರು ಹಿಡ್ಕೊಳ್ಳಿ! ಅಲ್ಲಾಡ್ಬೇಡಿ! ಈಗ ಬಿಡಿ!" ಎಂದು ಕೂಗಿ ಕೂಗಿ ಅವಳ ಗಂಟಲು ಎಷ್ಟು ಪಳಗಿತ್ತೆಂದರೆ, ಅವಳು ಮನೆಯಲ್ಲಿ ಅತ್ತೆಯನ್ನು ಮಾತಾಡಿಸಿದರೆ ಕೆಳಗಿನ ಮಹಡಿಯವರೂ ಉಸಿರು ಹಿಡಿದುಕೊಳ್ಳುತ್ತಿದ್ದರು. ಕೂಗಬೇಕಾದ್ದೇ ಇರಲಿಲ್ಲ. ಮುಖ ಕಾಣುವಂತೆ ನಿಂತು ಮೆಲ್ಲಗೆ ಹೇಳಿದ್ದರೆ ಮಿಲ್ಲಮ್ಮನಿಗೆ ಅಷ್ಟೇ ತಿಳಿಯುತ್ತಿತ್ತು. ಆದರೆ ಕಿವಿ ಕೇಳದವರ ಎದುರು ಮೆಲ್ಲಗೆ ಮಾತಾಡಲು ಮನಸ್ಸು ಒಪ್ಪಬೇಕಲ್ಲ.

ಅತ್ತೆ ಸೊಸೆಗೆ ಜಗಳವಿರಲಿಲ್ಲ. ಇದ್ದದ್ದು ಒಂದು ಗಡಿ. ಅಡುಗೆಮನೆಯ ಹೊಸ್ತಿಲೇ ಆ ಗಡಿ.

ಅದಕ್ಕೆ ಕಾರಣ ಬಟಾಣಿ. ಒಂದು ಮಧ್ಯಾಹ್ನ ಮಿಲ್ಲಮ್ಮ ಹಳೆಯ ಕುಕ್ಕರಿನಲ್ಲಿ ಬಟಾಣಿ ಬೇಯಲು ಇಟ್ಟು, ಕಿಟಕಿಯಲ್ಲಿ ನಿಂತು, ಎದುರು ಕಟ್ಟಡದ ಬಾಬಿನಕ್ಕನ ಜೊತೆ ತುಟಿಮಾತಿಗೆ ಇಳಿದರು. ಬಾಬಿನಕ್ಕ ಮಿಲ್ಲಿನಲ್ಲಿ ಬಾಬಿನ್ನಿಗೆ ನೂಲು ಸುತ್ತುತ್ತಿದ್ದವಳು, ಹಳೆಯ ಗೆಳತಿ. ಇಬ್ಬರ ನಡುವೆ ನಾಲ್ಕು ಸಾಲು ವಾಹನ ಹರಿಯುವ ರಸ್ತೆ. ಅದರ ಮೇಲಿನಿಂದಲೇ ಮಾತು ಹೋಗಿಬರುತ್ತಿತ್ತು. ಅತ್ತ ಕುಕ್ಕರ್ ಕೂಗಿತು. ಮತ್ತೆ ಕೂಗಿತು. ಗಂಟಲು ಹರಿಯುವಂತೆ ಕೂಗಿ, ನೀರೆಲ್ಲ ಆರಿ, ಕೊನೆಗೆ ತಾಳ್ಮೆಗೆಟ್ಟು ಸೇಫ್ಟಿ ವಾಲ್ವ್ ಹಾರಿಸಿಕೊಂಡು ಬಟಾಣಿಯನ್ನೆಲ್ಲ ಸೂರಿಗೆ ಎರಚಿತು. ಗೋಡೆ ಹಸಿರು, ಫ್ಯಾನು ಹಸಿರು. ಮಗ ಏಣಿ ಹತ್ತಿ ಕೆರೆದು ತೆಗೆದರೂ ಒಂದು ಬಟಾಣಿ ಮಾತ್ರ ಫ್ಯಾನಿನ ರೆಕ್ಕೆ ಬಿಡದೆ ಇಂದಿಗೂ ಸುತ್ತುತ್ತಿದೆಯಂತೆ. ಅದು ಇಷ್ಟರೊಳಗೆ ಭೂಮಿಯನ್ನು ಎರಡು ಸಲ ಸುತ್ತುವಷ್ಟು ದಾರಿ ಸವೆಸಿರಬೇಕು.

ಸೊಸೆ ಅವತ್ತು ಕೂಗಲಿಲ್ಲ. ಬಿಳಿಚಿಕೊಂಡು ಅತ್ತೆಯ ಕೈ, ಮುಖ, ಕತ್ತು ಎಲ್ಲ ತಡವಿ ನೋಡಿ, ಎಲ್ಲೂ ಸುಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಅತ್ತಳು. ಆಮೇಲೆ ಕೂಗಿದಳು. "ಇನ್ಮೇಲೆ ಒಲೆ ಹತ್ರ ಹೋಗಬೇಡಿ ಅತ್ತೆ! ನಿಮಗೇನಾದ್ರೂ ಆದ್ರೆ?"

ಮಗ ಕಿವಿಯ ಮೆಷಿನ್ ತಂದುಕೊಟ್ಟ. ಅದನ್ನು ಸಿಕ್ಕಿಸಿಕೊಂಡರೆ ಅದೇ ತಾನಾಗಿ ಸೀಟಿ ಹೊಡೆಯುತ್ತಿತ್ತು. ಮಿಲ್ಲಮ್ಮ ಓಡಿಹೋಗಿ ಒಲೆ ಆರಿಸುವರು; ನೋಡಿದರೆ ಒಲೆ ಹಚ್ಚಿಯೇ ಇಲ್ಲ. ಎರಡು ದಿನಕ್ಕೆ ಮೆಷಿನ್ ಡಬ್ಬಿ ಸೇರಿತು. ಗಡಿ ಗಟ್ಟಿಯಾಯಿತು. ಹೊಸ್ತಿಲಿನ ಈಚೆ ಒಂದು ಮಣೆ, ಒಂದು ಮೊರ, ಸುಲಿಯಲು ಬೆಳ್ಳುಳ್ಳಿ. ಮಿಲ್ಲಮ್ಮ ಸುಲಿದ ಬೆಳ್ಳುಳ್ಳಿ ಆ ಮನೆಯ ಮೂರು ಜನಕ್ಕಲ್ಲ, ಒಂದು ರೆಜಿಮೆಂಟಿಗೆ ಸಾಕಾಗುತ್ತಿತ್ತು. ಮಗ್ಗ ಆಳಿದ ಕೈಗೆ ಬೆಳ್ಳುಳ್ಳಿ! ಬಾಬಿನಕ್ಕನಿಗೆ ಅವರು ತುಟಿಯಾಡಿಸಿದರು: "ನನ್ನನ್ನ ಡ್ಯೂಟಿಯಿಂದ ತೆಗೆದ್ರು ಕಣೇ." ಬಾಬಿನಕ್ಕ ಅಲ್ಲಿಂದ ತುಟಿ ಕಚ್ಚಿದಳು. ಅದಕ್ಕೆ ಅರ್ಥ ಹೇಳಬೇಕಾಗಿಲ್ಲ.

ಒಂದು ಸಂಜೆ ಸೊಸೆ ಕೆಲಸದಿಂದ ಒಂದು ದೊಡ್ಡ ಪೆಟ್ಟಿಗೆ ಹೊತ್ತು ಬಂದಳು. ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಬಾಗಿಲಿನಿಂದಲೇ ಘೋಷಿಸಿದಳು: "ಅತ್ತೆ, ಡುಲ್ಸೆ ದೆ ಲೆಚೆ ಮಾಡ್ಬೇಕು!"

ಮಿಲ್ಲಮ್ಮ ತಲೆಯಾಡಿಸಿ ಬಾಲ್ಕನಿಗೆ ಹೋದರು. ಬರುವಾಗ ಕೈಯಲ್ಲಿ ತಟ್ಟೆ, ತಟ್ಟೆಯ ತುಂಬ ತೊಳೆದ ತುಳಸಿ ಎಲೆ. ಕುಂಡದ ಗಿಡ ಬೋಳಾಗಿತ್ತು.

"ಕೆಮ್ಮೋ, ನೆಗಡಿಯೋ?" ಎಂದು ಸೊಸೆಯ ಹಣೆ ಮುಟ್ಟಿದರು.

ಸೊಸೆ ತಟ್ಟೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಇದ್ಯಾಕೆ?"

"ನೀನೇ ಅಂದ್ಯಲ್ಲ. ತುಳ್ಸೀದೆಲೆ ಚಾ ಮಾಡ್ಬೇಕು ಅಂತ."

ಮಗ ಸೋಫಾದಲ್ಲಿ ಮುಖ ಹುದುಗಿಸಿ ನಕ್ಕ. ತುಟಿಯ ಮೇಲೆ ಎರಡೂ ಒಂದೇ. ಬೇಕಾದರೆ ಕನ್ನಡಿಯ ಮುಂದೆ ನಿಂತು ಯಾರೂ ಹೇಳಿ ನೋಡಬಹುದು. ಸೊಸೆ ವಿವರಿಸಿದಳು. ಹಾಲು, ಸಕ್ಕರೆ ಒಟ್ಟಿಗೆ ಬೆಂದು ಬೆಂದು ಕಂದುಬಣ್ಣಕ್ಕೆ ತಿರುಗಿ ಮುದ್ದೆಯಾಗುವ ದೂರದೇಶದ ಸಿಹಿ. ಕೇಕಿನ ಪದರದ ನಡುವೆ ಹಚ್ಚುತ್ತಾರೆ. ಆಸ್ಪತ್ರೆಯ ದೊಡ್ಡ ಡಾಕ್ಟರ್ ನಾಳೆ ನಿವೃತ್ತಿಯಾಗುತ್ತಾರೆ. ಅವರಿಗೆ ಅದು ಪ್ರಾಣ. ಫಿಸಿಯೋ ವಿಭಾಗದವಳು, "ಅದು ನಮ್ಮಂಥವರ ಮನೇಲಿ ಆಗೋದಲ್ಲ ಬಿಡಿ, ಡಬ್ಬಿ ತರಿಸ್ಬೇಕು" ಎಂದಳಂತೆ. ಸೊಸೆಯ ಬಾಯಿ ಸುಮ್ಮನಿರದೆ, "ನಮ್ಮನೇಲಿ ಆಗುತ್ತೆ" ಅಂದುಬಿಟ್ಟಿತಂತೆ. ಬರುವ ದಾರಿಯಲ್ಲೇ ಕರೆಂಟಿನ ಪ್ರೆಶರ್ ಕುಕ್ಕರ್ ಕೊಂಡದ್ದಾಯಿತು.

"ಹಾಲು ಕೆಂಪಗಾಗೋ ತನಕ ಬೇಯಿಸೋದಕ್ಕೆ ಇಷ್ಟುದ್ದ ಹೆಸರಾ?" ಎಂದರು ಮಿಲ್ಲಮ್ಮ. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ತುಳಸಿ ಹಾಲು ಎಂದೇ ಹೆಸರಾಯಿತು.

ಕುಕ್ಕರ್ ಅಡುಗೆಮನೆಯ ಕಟ್ಟೆ ಏರಿತು. ಮಿಲ್ಲಮ್ಮ ಹೊಸ್ತಿಲಿನ ಈಚೆ ಬೆಳ್ಳುಳ್ಳಿ ಹಿಡಿದು ಕೂತರು. ಕಣ್ಣು ಮಾತ್ರ ಗಡಿ ದಾಟಿತ್ತು. ಸೊಸೆ ಫೋನ್ ನೋಡಿಕೊಂಡು, ಡಬ್ಬಿಯ ಕಂಡೆನ್ಸ್ಡ್ ಮಿಲ್ಕನ್ನು ಗಾಜಿನ ಜಾಡಿಗಳಿಗೆ ಸುರಿದಳು. ಮುಚ್ಚಳ ಬಿಗಿಮಾಡದೆ ಕೂರಿಸಿದಳು. ಪಾತ್ರೆಯ ತಳಕ್ಕೆ ಜಾಲರಿ, ಅದರ ಮೇಲೆ ಜಾಡಿ, ಜಾಡಿಯ ಕತ್ತಿನವರೆಗೆ ನೀರು. ಎಲ್ಲ ಸರಿಯಾಗಿಯೇ ಇತ್ತು. ಕುಕ್ಕರಿನ ಮುಚ್ಚಳ ತಿರುಗಿಸಿ, ಗುಂಡಿ ಒತ್ತಿ, ಕೈ ಕಟ್ಟಿ ನಿಂತಳು.

ಕೂಗಲೆಂದು.

ಎಲ್ಲಿ ಎಡವಟ್ಟಾಯಿತೆಂದರೆ ಇಲ್ಲೇ. ಹುಟ್ಟಿದಾಗಿನಿಂದ ಆ ಮನೆಯವರಿಗೆ ಅಡುಗೆಯ ಗಡಿಯಾರ ಕುಕ್ಕರಿನ ಕೂಗು. ಅನ್ನಕ್ಕೆ ಇಷ್ಟು ಕೂಗು, ಆಲೂಗಡ್ಡೆಗೆ ಇಷ್ಟು ಕೂಗು. ಫೋನ್ ನಿಮಿಷದ ಲೆಕ್ಕ ಹೇಳುತ್ತಿದ್ದರೂ ಸೊಸೆಯ ಕಿವಿ ಒಪ್ಪಲಿಲ್ಲ. ಕೂಗದ ಕುಕ್ಕರಿನೊಳಗೆ ಏನಾದರೂ ಬೇಯುತ್ತಿದೆಯೆಂದು ನಂಬುವುದು ಹೇಗೆ?

"ಕೂಗ್ತಾ?" ಎಂದು ಹೊರಗಿನಿಂದ ಮಗ.

"ಇಲ್ಲ ರೀ. ಮೂಕನ ಹಾಗೆ ಕೂತಿದೆ."

"ವೆಯ್ಟ್ ಹಾಕಿದ್ಯಾ?"

"ಇದಕ್ಕೆ ವೆಯ್ಟ್ ಎಲ್ಲಿದೆ? ಬರೀ ಒಂದು ತಿರುಪು ಇದೆ."

"ತಿರುಪು ಇದ್ಮೇಲೆ ತಿರುಗಿಸ್ಬೇಕು" ಎಂದ ಮಗ. ಬೀಗದವನಿಗೆ ಬೇರೆ ಸಲಹೆ ಹೊಳೆಯದು.

ಸೊಸೆ ಸೌಟಿನ ಹಿಡಿಯಿಂದ ಆವಿಯ ತಿರುಪನ್ನು ತಳ್ಳಿದಳು. ಬುಸ್ಸೆಂದು ಆವಿ ಸೂರಿಗೆ ಹಾರಿತು. "ಹಾ! ಕೂಗ್ತು!" ಮುಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಳ್ಳಿದಳು. "ಎರಡು!" ಆಮೇಲೆ ಇನ್ನೊಂದು, ಇನ್ನೊಂದು. ಕೂಗದ ಪ್ರಾಣಿಯ ಬಾಲ ತಿರುಚಿ ಕೂಗಿಸಿದ ಹಾಗೆ ಆಯಿತು. ಒತ್ತಡ ಏರುವಷ್ಟರಲ್ಲಿ ಇಳಿಯುತ್ತಿತ್ತು, ಇಳಿದಾಗಲೆಲ್ಲ ಜಾಡಿಯೊಳಗಿನ ಹಾಲು ಉಕ್ಕಿ ಹೊರಬರುತ್ತಿತ್ತು. ಮುಚ್ಚಳ ತೆಗೆದಾಗ ಜಾಡಿಯಲ್ಲಿದ್ದ ಅರ್ಧ ಹಾಲು ಹಾಲಾಗಿಯೇ ಇತ್ತು. ನೀರು ಮಾತ್ರ ಹಾಲಾಗಿತ್ತು. ಒಂದು ಜಾಡಿ ಬಿರುಕು ಬಿಟ್ಟಿತ್ತು.

ಸೊಸೆ ಕುರ್ಚಿಯಲ್ಲಿ ಕುಸಿದಳು. ನಾಳೆ ಬೆಳಗಿನ ಪಾಳಿಗೆ ಹೋಗಬೇಕು, ಮಧ್ಯಾಹ್ನ ಬಂದು ಕೇಕ್ ಒಯ್ಯಬೇಕು, ಸಂಜೆ ಬೀಳ್ಕೊಡುಗೆ. "ಕೆಟ್ಟಿರೋ ಪೀಸು ಕೊಟ್ಟಿದ್ದಾನೆ" ಎಂದು ಅಂಗಡಿಯವನನ್ನು ಬೈದಳು.

ಮಿಲ್ಲಮ್ಮ ಮಣೆಯಿಂದ ಎದ್ದರು. ಬೆಳ್ಳುಳ್ಳಿ ಸಿಪ್ಪೆ ಕೊಡವಿಕೊಂಡರು. ಹೊಸ್ತಿಲ ಮೇಲೆ ನಿಂತರು.

"ಕೆಟ್ಟಿಲ್ಲ ಅದು. ಮುಚ್ಚಳದ ಮೇಲೆ ಪುಟ್ಟ ಪಿನ್ನು ಇದೆ ನೋಡು, ನೀನು ತಳ್ಳೋಕೆ ಮುಂಚೆ ಅದು ಮೇಲೆದ್ದಿತ್ತು. ನೀನು ತಳ್ಳಿದಾಗ ಬಿತ್ತು. ಪ್ರತಿ ಸಲಾನೂ. ಒಳಗೆ ಒತ್ತಡ ತುಂಬಿದ್ರೆ ಅದು ಏಳುತ್ತೆ. ಪಾಪ, ಏಳೋದೂ ಬೀಳೋದೂ, ನೀನು ಅದಕ್ಕೆ ನಿಲ್ಲೋಕೆ ಬಿಡಲೇ ಇಲ್ಲ."

ಸೊಸೆ ಬಾಗಿ ನೋಡಿದಳು. ಅಷ್ಟು ಹೊತ್ತು ಅದರ ಪಕ್ಕವೇ ನಿಂತಿದ್ದಳು. ಕಿವಿ ಕೊಟ್ಟು ನಿಂತಿದ್ದರಿಂದ ಕಣ್ಣು ಅಲ್ಲಿಗೆ ಹೋಗಿರಲಿಲ್ಲ.

"ನಾಳೆ ನೀನು ಡ್ಯೂಟಿಗೆ ಹೋಗು. ನಾನು ಮಾಡ್ತೀನಿ" ಎಂದರು ಮಿಲ್ಲಮ್ಮ.

"ಬೇಡ ಅತ್ತೆ! ಬಟಾಣಿ ಮರೆತ್ರಾ? ನಿಮಗೆ ಕೇಳ್ಸಲ್ಲ!"

ಮಿಲ್ಲಮ್ಮ ಇದೇ ಮಾತಿಗೆ ಕಾದಿದ್ದರು. ಎಷ್ಟು ಬೆಳ್ಳುಳ್ಳಿ ಸುಲಿಯುವವರೆಗೆ ಕಾದಿದ್ದರೋ.

"ಕೂಗೋ ಕುಕ್ಕರ್ ನನಗೆ ಕೇಳಲ್ಲ, ಒಪ್ಪಿದೆ. ಆದ್ರೆ ಇದು ಕೂಗೋದೇ ಇಲ್ವಲ್ಲಮ್ಮ. ಇದರ ಮುಂದೆ ನಾನೂ ಕಿವುಡಿ, ನೀನೂ ಕಿವುಡಿ. ನನಗೆ ಒಂದು ಜನ್ಮದ ಅಭ್ಯಾಸ. ನಿನಗೆ ಇವತ್ತು ಮೊದಲನೇ ದಿನ."

ಮಗ ಸೋಫಾದಿಂದ ಎದ್ದು ಕೂತ.

"ಆದ್ರೆ ಒಂದು ಮಾತು" ಎಂದರು ಮಿಲ್ಲಮ್ಮ. ದನಿ ಅವರಿಗೇ ಕೇಳದಿದ್ದರಿಂದ ಅದು ಚೂರು ನಡುಗಿದ್ದು ಅವರಿಗೆ ಗೊತ್ತಾಗಲಿಲ್ಲ. "ನಾಳೆ ಇದು ಕೆಂಪಗಾದ್ರೆ ಅಡುಗೆಮನೆ ನಂದು. ಮೊದಲಿನ ಹಾಗೆ. ಆಗದಿದ್ರೆ ನಾನು ಈ ಹೊಸ್ತಿಲ ವಿಷಯ ಇನ್ನೊಂದು ಸಲ ಎತ್ತಲ್ಲ. ಬೆಳ್ಳುಳ್ಳಿ ಸುಲಿದುಕೊಂಡೇ ಇರ್ತೀನಿ."

ಸೊಸೆ ಅತ್ತೆಯನ್ನು ನೋಡಿದಳು. ಎಕ್ಸ್‌ರೇ ಇಲ್ಲದೆಯೇ ಒಳಗಿನದೇನೋ ಕಂಡಿರಬೇಕು. "ಆಗ್ಲಿ" ಎಂದಳು. ಗಂಡನ ಕಡೆ ತಿರುಗಿ, "ರೀ, ನಾಳೆ ನೀವು ಮಧ್ಯದಲ್ಲಿ ಬಂದು ನೋಡ್ಕೊಳ್ಳಿ" ಎಂದೂ ಸೇರಿಸಿದಳು.

ಮರುದಿನ ಬೆಳಿಗ್ಗೆ ಮನೆ ಖಾಲಿಯಾದ ಮೇಲೆ ಮಿಲ್ಲಮ್ಮ ಹೊಸ್ತಿಲು ದಾಟಿದರು. ಮೊದಲು ಕೈತೊಳೆದರು. ಮಿಲ್ಲಿನಲ್ಲಿ ಪಾಳಿ ಹಿಡಿಯುವ ಮುಂಚೆ ಮಾಡುತ್ತಿದ್ದಂತೆ ಯಂತ್ರದ ಸುತ್ತ ಒಂದು ಸಲ ಕಣ್ಣಾಡಿಸಿದರು: ಮುಚ್ಚಳದ ರಬ್ಬರ್ ಕೂತಿದೆಯೇ, ಪಿನ್ನು ಸಡಿಲವಾಗಿ ಆಡುತ್ತದೆಯೇ, ಆವಿಯ ದಾರಿಯಲ್ಲಿ ನಿನ್ನೆಯ ಹಾಲು ಒಣಗಿ ಕೂತಿಲ್ಲವೇ. ಕೂತಿತ್ತು. ಪಿನ್ನನ್ನೂ ತಿರುಪನ್ನೂ ಬಿಚ್ಚಿ ಬಿಸಿನೀರಿನಲ್ಲಿ ತೊಳೆದು ಒರೆಸಿದರು. ಮಿಕ್ಕಿದ್ದ ಡಬ್ಬಿಗಳಿಂದ ಜಾಡಿ ತುಂಬಿದರು, ನೀರು ಹಾಕಿದರು, ತಿರುಪನ್ನು ಮುಚ್ಚುವ ಕಡೆಗೆ ತಿರುಗಿಸಿ, ಗುಂಡಿ ಒತ್ತಿ, ಸ್ಟೂಲ್ ಎಳೆದುಕೊಂಡು ಕೂತರು. ಅಂಗೈ ಕಟ್ಟೆಯ ಮೇಲೆ.

ಕಲ್ಲಿನ ಕಟ್ಟೆ ಸಣ್ಣಗೆ ಕಂಪಿಸತೊಡಗಿತು. ಇರುವೆ ಗೊರಕೆ ಹೊಡೆದಷ್ಟು. ಆ ಅಂಗೈಗೆ ಅಷ್ಟು ಧಾರಾಳವಾಯಿತು. ನೀರು ಬಿಸಿಯಾಗುವುದು, ಕುದಿಯುವುದು, ಕುದಿ ಬಿಗಿಯಾಗುವುದು ಎಲ್ಲವನ್ನೂ ಕಲ್ಲು ಅವರಿಗೆ ಒಪ್ಪಿಸಿತು. ಆಮೇಲೆ ಪಿನ್ನು ಎದ್ದಿತು. ಕುಕ್ಕರಿನ ಮೈಮೇಲೆ ನಿಮಿಷ ತೋರಿಸುವ ಕೆಂಪು ಅಂಕಿ, ಅಲ್ಲಿಯವರೆಗೆ ಅಲ್ಲಾಡದೆ ನಿಂತಿದ್ದದ್ದು, ಇಳಿಯಲು ಶುರುವಾಯಿತು. ಮಿಲ್ಲಮ್ಮನಿಗೆ ಮಗ್ಗಕ್ಕೆ ಚಾಲನೆ ಸಿಕ್ಕಿದ ಹಾಗಾಯಿತು. ಬೆನ್ನು ನೆಟ್ಟಗಾಯಿತು.

ಕಿಟಕಿಯಾಚೆ ಬಾಬಿನಕ್ಕ ಕಾಣಿಸಿಕೊಂಡಳು. ತುಟಿ ಆಡಿತು: "ಏನಾಯ್ತೇ?"

"ಇನ್ನೂ ಬಸುರಿ."

"ಹೆರಿಗೆ ಯಾವಾಗ?"

"ಅದರ ಹೊತ್ತಿಗೆ ಅದು. ನೀನು ಅವಸರ ಮಾಡ್ಬೇಡ."

"ಎದ್ದು ಬಾರೇ ಕಿಟಕಿಗೆ, ಕೆಳಗಡೆ ಮನೆಯವಳ ವಿಷಯ ಇದೆ."

ಕೆಳಗಡೆ ಮನೆಯವಳ ವಿಷಯವೆಂದರೆ ಮಿಲ್ಲಮ್ಮ ಊಟ ಬಿಟ್ಟು ಏಳುವವರು. ಅವರು ಕದಲಲಿಲ್ಲ. "ಡ್ಯೂಟಿ ಮೇಲಿದ್ದೀನಿ" ಎಂದು ತುಟಿಯಾಡಿಸಿ ಮುಖ ತಿರುಗಿಸಿದರು. ಬಾಬಿನಕ್ಕ ಈ ಜನ್ಮದಲ್ಲಿ ಅಂಥದ್ದು ಕಂಡಿರಲಿಲ್ಲ. ಕಿಟಕಿಯಲ್ಲೇ ಕುರ್ಚಿ ಹಾಕಿಕೊಂಡು ಕೂತಳು.

ಅಂಕಿ ಇಳಿದು ಸೊನ್ನೆ ಮುಟ್ಟುವ ಹೊತ್ತಿಗೆ ಸರಿಯಾಗಿ ಮಗ ಬಂದ. ಕುಕ್ಕರ್ ಪೀಂ ಪೀಂ ಎಂದಿತು.

"ಅಮ್ಮಾ! ಕೂಗ್ತು! ಆಯ್ತು, ತೆಗಿ ತೆಗಿ!"

ಮಿಲ್ಲಮ್ಮ ಅವನ ಬಾಯಿ ನೋಡಿ, ಪಿನ್ನನ್ನು ನೋಡಿದರು. ಅದು ಇನ್ನೂ ನಿಂತೇ ಇತ್ತು. "ಕೂಗಿಲ್ಲ ಕಣೋ. ಸುಸ್ತಾಗಿ ಆಕಳಿಸಿರಬೇಕು. ಒಳಗೆ ಇನ್ನೂ ಉಸಿರು ತುಂಬಿದೆ."

"ತಿರುಪು ತಿರುಗಿಸಿದ್ರೆ ಉಸಿರು ಹೋಗುತ್ತೆ."

"ನಿನ್ನೆ ನಿನ್ನ ಹೆಂಡ್ತಿ ಅದನ್ನೇ ಮಾಡಿದ್ದು. ಹಾಲೆಲ್ಲ ಉಕ್ಕಿಹೋಯ್ತು. ತಾನಾಗಿ ಬಿಡಲಿ."

ಮಗ ಒಳ್ಳೆಯವನು. ಆದರೆ ಮುಚ್ಚಿದ್ದನ್ನು ಕಂಡರೆ ಅವನ ಕೈ ತುರಿಸುತ್ತದೆ. ಹುಡುಗನಾಗಿದ್ದಾಗ ನೆರೆಯವರ ಹುಂಡಿ ಡಬ್ಬಿಯನ್ನು ಕೂದಲಿನ ಪಿನ್ನಿನಿಂದ ತೆಗೆದು, ಒಳಗಿದ್ದದ್ದನ್ನು ಮುಟ್ಟದೆ, ಮತ್ತೆ ಮುಚ್ಚಿ ಇಟ್ಟು ಬಂದವನು. ಈಗ ಕುಕ್ಕರಿನ ಸುತ್ತ ಬೆಕ್ಕಿನ ಹಾಗೆ ಸುತ್ತಿದ. "ಒಳಗಡೆ ಒಂದು ಕೊಂಡಿ ಇರುತ್ತೆ ಅಮ್ಮಾ, ಪಿನ್ನು ಅದನ್ನ ಹಿಡಿದಿರುತ್ತೆ, ಒಂಚೂರು ಹೀಗೆ ಒತ್ತಿದ್ರೆ..."

ಮಿಲ್ಲಮ್ಮ ಸೌಟು ಎತ್ತಿಕೊಂಡರು.

"ಬ್ಯಾಂಕಿನ ಲಾಕರ್ ತೆಗೆದವನು ನಾನು!"

"ತೆಗೆದಿದ್ದೆ. ಹಿಂದಿನಿಂದ ಪೊಲೀಸರು ಬಂದಿದ್ದರಲ್ಲ, ಅದನ್ನೂ ಹೇಳು."

"ನನ್ನನ್ನ ಬ್ಯಾಂಕಿನವರೇ ಕರೆಸಿದ್ದು, ನಾನು ಹೋದ ವಿಳಾಸ ತಪ್ಪಾಗಿತ್ತು ಅಷ್ಟೇ..." ಎನ್ನುತ್ತಿದ್ದಂತೆ ಅವನ ಕೈ ಮುಚ್ಚಳದ ಹಿಡಿಗೆ ಹೋಯಿತು. ಸೌಟು ಅವನ ಗೆಣ್ಣಿನ ಮೇಲೆ ಇಳಿಯಿತು. ಎದುರು ಕಿಟಕಿಯಲ್ಲಿ ಬಾಬಿನಕ್ಕ ಕೈತಟ್ಟಿದಳು. ನಡುವೆ ನಾಲ್ಕು ಸಾಲು ವಾಹನ ನಿಂತುಹೋದವೆಂದು ಹೇಳಿದರೆ ಅತಿಯಾದೀತು, ಒಂದು ಸೈಕಲ್ಲಂತೂ ನಿಂತಿತ್ತು.

"ಈ ಮುಚ್ಚಳದ ಒಳಗಿರೋದು ಹಾಲಲ್ಲ ಕಣೋ" ಎಂದರು ಮಿಲ್ಲಮ್ಮ, ಇನ್ನೂ ಸೌಟು ಹಿಡಿದೇ. "ನನ್ನ ಒಲೆ ಇದೆ ಅದರೊಳಗೆ. ಹೋಗು, ಊಟ ಮಾಡು."

ಮಗ ಗೆಣ್ಣು ಊದುತ್ತ ಅಮ್ಮನ ಮುಖ ನೋಡಿದ. ತಟ್ಟೆ ಹಾಕಿಕೊಂಡು ಹೊರಗೆ ಹೋಗಿ ಕೂತ.

ಕಾಯುವುದು ಅಲ್ಲಿಂದ ಕಷ್ಟವಾಯಿತು. ಅಂಗೈಯ ಕೆಳಗೆ ಕಲ್ಲು ತಣ್ಣಗೆ ಸುಮ್ಮನಾಗಿತ್ತು. ಅಂಕಿಯ ಜಾಗದಲ್ಲಿ ಏನೂ ಇಳಿಯುತ್ತಿರಲಿಲ್ಲ. ನಿನ್ನೆ ತಾವು ಕಂಡದ್ದು ಸರಿಯೇ, ಪಿನ್ನಿನ ಮಾತು ನಂಬಬಹುದೇ, ಬೆಳ್ಳುಳ್ಳಿಯ ಮೊರ ಜೀವಮಾನವಿಡೀ ಕಾದಿದೆಯೇ ಎಂದೆಲ್ಲ ತಲೆಗೆ ಹತ್ತಿತು. ಕಣ್ಣು ಮಿಟುಕಿಸಲೂ ಹೆದರಿ ಅವರು ಆ ಪಿನ್ನನ್ನು ನೋಡಿದರು. ಅಷ್ಟು ಹೊತ್ತು ಅಷ್ಟು ದಿಟ್ಟಿಸಿದರೆ ಯಾವ ಪಿನ್ನಿಗಾದರೂ ನಾಚಿಕೆಯಾಗಬೇಕು. ಕೊನೆಗೆ ಅದು ತಲೆ ತಗ್ಗಿಸಿ ಒಳಗೆ ಬಿತ್ತು. ಟಕ್ ಎಂದದ್ದು ಬೆರಳ ತುದಿಗೆ ತಿಳಿಯಿತು.

ಮುಚ್ಚಳ ತೆಗೆದರು. ಆವಿ ಮುಖಕ್ಕೆ ಬಡಿಯಿತು. ಬಟ್ಟೆಯಿಂದ ಹಿಡಿದು ಒಂದು ಜಾಡಿ ಎತ್ತಿ ಕಟ್ಟೆಯ ಮೇಲಿಟ್ಟರು.

ಬಿಳಿ. ಕೆಳಗಿನಿಂದ ಮೇಲಿನ ತನಕ ಬಿಳಿ.

ಮಿಲ್ಲಮ್ಮ ಸ್ಟೂಲಿನ ಅಂಚು ಹಿಡಿದುಕೊಂಡರು. ಮಗ ಬಾಗಿಲಲ್ಲಿ ಬಂದು ನಿಂತಿದ್ದ. ಅವನೂ ನೋಡಿದ. ಇನ್ನೇನು ಮಾಡಲೂ ತೋಚದೆ, ಹೇಗೂ ತೊಳೆಯಲೇಬೇಕಾದ ಜಾಡಿ ಎಂದುಕೊಂಡು, ಅವರು ಬಟ್ಟೆಯ ತುದಿಯಿಂದ ಗಾಜನ್ನು ಒರೆಸಿದರು.

ಒರೆಸಿದ ಕಡೆ ಕಂದುಬಣ್ಣ.

ಬಿಳಿಯೆಲ್ಲ ಗಾಜಿನ ಮೇಲೆ ಕೂತ ಹಬೆ. ಇನ್ನೊಂದು ಸಲ ಒರೆಸಿದರು. ಹಳೆಯ ತೇಗದ ಮಂಚದ ಕಾಲಿನ ಬಣ್ಣ, ಹದವಾಗಿ ಎಣ್ಣೆ ಉಂಡ ಚರ್ಮದ ಬಣ್ಣ, ಸಂಜೆ ಬಿಸಿಲಿಗೆ ಎದುರಾಗಿ ಹಿಡಿದ ಚಹಾದ ಲೋಟದ ಬಣ್ಣ. ಮುಚ್ಚಳ ಬಿಚ್ಚಿ ಚಮಚ ಇಳಿಬಿಟ್ಟರೆ ಚಮಚ ನೆಟ್ಟಗೆ ನಿಂತಿತು. ಒಂದು ಚಿಟಿಕೆ ಉಪ್ಪು ಹಾಕಿ ತಿರುವಿದರು. ಗಂಟುಗಳು ಕರಗಿ ಅದು ರೇಷ್ಮೆಯ ಹಾಗೆ ಮಡಿಕೆ ಮಡಿಕೆಯಾಗಿ ಬಿತ್ತು. ನೇಯ್ದವರಿಗೆ ಮಡಿಕೆ ಬೀಳುವ ರೀತಿಯಲ್ಲೇ ಬಟ್ಟೆಯ ಯೋಗ್ಯತೆ ತಿಳಿಯುತ್ತದೆ. ಇದು ಒಂದನೇ ದರ್ಜೆ.

ಮಗನ ಬಾಯಿಗೆ ಒಂದು ಚಮಚ ಇಟ್ಟರು. ಊರಿನ ಬೀಗವನ್ನೆಲ್ಲ ತೆಗೆದವನ ಬಾಯಿಗೇ ಬೀಗ ಬಿತ್ತು. ಕಣ್ಣು ಮುಚ್ಚಿ ಗೋಡೆಗೆ ಒರಗಿದವನು ಬಹಳ ಹೊತ್ತಿನ ಮೇಲೆ ಕೇಳಿದ್ದು ಒಂದೇ: "ಇನ್ನೂ ಇದೆಯಾ?" ಮಿಲ್ಲಮ್ಮ ಜಾಡಿ ಎತ್ತಿಕೊಂಡು ಕಿಟಕಿಗೆ ಹೋಗಿ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದರು. ಬಾಬಿನಕ್ಕ ಎದ್ದು ನಿಂತು, ತುಟಿ ಅಗಲಿಸಿ, ರಸ್ತೆಯವರೆಲ್ಲ ಓದುವಷ್ಟು ದೊಡ್ಡದಾಗಿ ಹೇಳಿದಳು: "ಗಂಡೋ ಹೆಣ್ಣೋ?"

"ಚಿನ್ನ!" ಎಂದರು ಮಿಲ್ಲಮ್ಮ.

ಸೊಸೆ ಬೇಕರಿಯ ಬರೀ ಕೇಕ್ ಹಿಡಿದು, ಬೆವರುತ್ತ, ಏದುತ್ತ ಮೂರು ಮಹಡಿ ಓಡಿ ಹತ್ತಿ ಬಂದಳು. ಕಟ್ಟೆಯ ಮೇಲೆ ಸಾಲಾಗಿ ನಿಂತ ಜಾಡಿಗಳ ಮುಂದೆ ನಿಂತಳು. ಚಮಚದ ತುದಿಯಲ್ಲಿ ಒಂದಿಷ್ಟು ನಾಲಿಗೆಗೆ ಮುಟ್ಟಿಸಿದಳು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವಳ ಮುಖದ ಒಂದು ಬದಿ ಮಾತ್ರ ಕಾಣುತ್ತಿತ್ತು. ಸೊಸೆ ಯಾರಿಗೂ ಅಲ್ಲದೆ, ತನಗೆ ತಾನೇ, ದನಿಯೇ ಇಲ್ಲದೆ ಅಂದಳು: "ಅಯ್ಯೋ, ನಾನು ಇವರನ್ನ ಹೊರಗೆ ಕೂರಿಸಿದ್ನಲ್ಲ."

ಮಿಲ್ಲಮ್ಮನಿಗೆ ಪೂರ್ತಿ ಕೇಳಿಸಿತು.

"ಆಯ್ತು ಬಿಡಮ್ಮ. ಕೇಕಿಗೆ ಹಚ್ಚು, ಹೊತ್ತಾಯ್ತು" ಎಂದರು. ಸೊಸೆ ಬೆಚ್ಚಿ ತಿರುಗಿದಳು. ಮೆಲ್ಲಗೆ ಅಂದದ್ದೂ ತಲುಪುತ್ತದೆಂದು ಅವಳಿಗೆ ಮೊದಲ ಸಲ ಹೊಳೆಯಿತು. ಅಷ್ಟು ವರ್ಷದಿಂದ ಕೂಗಿ ಸವೆಸಿದ ಗಂಟಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ಅತ್ತೆಯ ಎದುರು ಬಂದು, ಪಕ್ಕದಲ್ಲಿದ್ದ ಗಂಡನಿಗೂ ಕೇಳಿಸದಷ್ಟು ಸಣ್ಣಗೆ ಹೇಳಿದಳು: "ನೀವೂ ಬನ್ನಿ. ಸೀರೆ ಬದಲಾಯಿಸಿ."

ಆಸ್ಪತ್ರೆಯಲ್ಲಿ ನಡೆದದ್ದನ್ನು ಮಗ ಇಂದಿಗೂ ಅಂಗಡಿಯಲ್ಲಿ ಹೇಳುತ್ತಾನೆ. ಹೇಳಿದಂತೆಲ್ಲ ಅದು ಬೆಳೆಯುತ್ತಿದೆ. ಕೈ ಮುರಿದುಕೊಂಡು ಬಂದವನೊಬ್ಬ ಮುರಿದ ಕೈಯನ್ನೇ ಚಾಚಿದನಂತೆ. ಅರಿವಳಿಕೆ ಕೊಟ್ಟಿದ್ದ ರೋಗಿ ಆ ವಾಸನೆಗೆ ಎದ್ದು ಕೂತು, ಆಪರೇಷನ್ ನಾಳೆ ಇಟ್ಟುಕೊಳ್ಳಿ ಎಂದನಂತೆ. ಅಷ್ಟನ್ನು ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು. ದೊಡ್ಡ ಡಾಕ್ಟರು ಮೂರು ತುಂಡು ತಿಂದದ್ದು, ನಾಲ್ಕನೆಯದನ್ನು ಕೋಟಿನ ಜೇಬಿಗೆ ಇಳಿಸಲು ನೋಡಿದ್ದು ಮಾತ್ರ ಎಲ್ಲರೂ ಕಂಡದ್ದು.

ಫಿಸಿಯೋದವಳು ಒಂದೇ ಒಂದು ಮಾತು ಕೇಳಿದಳು: "ಯಾವ ಅಂಗಡಿದು?"

"ಅಂಗಡಿದಲ್ಲ. ನಮ್ಮತ್ತೆ ಮಾಡಿದ್ದು" ಎಂದಳು ಸೊಸೆ, ಎಕ್ಸ್‌ರೇ ಕೋಣೆಯ ದನಿಯಲ್ಲಿ. ಇಡೀ ವಿಭಾಗ ಉಸಿರು ಹಿಡಿಯಿತು. "ನಮ್ಮನೇಲಿ ಇದಕ್ಕೆ ತುಳಸಿ ಹಾಲು ಅಂತಾರೆ. ಹೇಗೆ ಮಾಡೋದು ಅಂತ ಅವರನ್ನೇ ಕೇಳಿ. ಅಡುಗೆಮನೆ ಅವರದು. ನನಗೂ ಒಳಗೆ ಹೋಗೋಕೆ ಅಪ್ಪಣೆ ಬೇಕು."

ಮಿಲ್ಲಮ್ಮ ಅದನ್ನು ಅವಳ ತುಟಿಯ ಮೇಲೆ ಓದಿದರು. ಇನ್ನೊಮ್ಮೆ ಓದಬೇಕೆನಿಸಿ, "ಏನಂದೆ?" ಎಂದು ಕೇಳಿದರು. ಸೊಸೆ ಮತ್ತೆ ಹೇಳಿದಳು. ಮೂರನೇ ಸಲವೂ ಕೇಳಿದಾಗ ಸೊಸೆಗೆ ಅರ್ಥವಾಗಿ, ನಗುತ್ತ, ಮೂರನೇ ಸಲವೂ ಹೇಳಿದಳು.

ಮರುದಿನ ಬೆಳಿಗ್ಗೆ ಸೊಸೆ ಎದ್ದು ಬಂದಾಗ ಒಲೆಯ ಎರಡೂ ಬರ್ನರ್ ಉರಿಯುತ್ತಿದ್ದವು. ಒಂದರ ಮೇಲೆ ಈರುಳ್ಳಿ ಬಾಡುತ್ತಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಅವಳು ಕಾಲಿಟ್ಟಳಷ್ಟೇ, ಸೌಟು ಹೊರಗಿನ ಕಡೆ ತೋರಿಸಿತು. "ಹೋಗಿ ಕೂತ್ಕೋ. ತಿಂಡಿ ಅಲ್ಲಿಗೇ ಬರುತ್ತೆ." ಬಟಾಣಿ ಸಿಡಿದ ಮೇಲೆ ಡ್ಯೂಟಿ ಇರುವ ದಿನ ಅವಳು ಕೂತು ತಿಂಡಿ ತಿಂದದ್ದು ಅವತ್ತೇ ಮೊದಲು. ಗಂಡನ ಪಕ್ಕದಲ್ಲಿ ಕಾಲು ಚಾಚಿ ಕೂತು, ಬಿಸಿ ತಟ್ಟೆಯಿಂದ ಮೊದಲ ತುತ್ತು ಬಾಯಿಗಿಟ್ಟಳು. ಮಗನೂ ಇಟ್ಟ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಮ್ಮಾ" ಎಂದು ಮಗ ಬಾಯಿ ತೆರೆದ, "ಉಪ್ಪು ಸ್ವಲ್ಪ..."

ಮಿಲ್ಲಮ್ಮ ಅಷ್ಟರಲ್ಲಿ ಒಲೆಯ ಕಡೆ ತಿರುಗಿ ಅವರಿಗೆ ಬೆನ್ನು ಹಾಕಿಯಾಗಿತ್ತು.